ಸೈಕಲ್‌ನ ಹಿಂದಿನ ಚಕ್ರ ‘ಕಿರ್ ಕಿರ್’ ಎನ್ನುತ್ತಿದೆಯೇ? ಎಣ್ಣೆ ಡಬ್ಬಿ ತೆಗೆಯುವ ಮುನ್ನ ಇದನ್ನು ಓದಿ

ಒಂದೇ ನೋಟದಲ್ಲಿ

- ಹಿಂದಿನಿಂದ ಕೇಳುವ ಸದ್ದೆಲ್ಲ ಹಿಂದಿನ ಚಕ್ರದ್ದೇ ಆಗಿರಬೇಕಿಲ್ಲ. ಸೀಟು, ಪೆಡಲ್, ಕ್ರ್ಯಾಂಕಿನ ಸದ್ದೂ ಅಲ್ಲಿಂದಲೇ ಬಂದಂತೆ ಕೇಳಿಸುತ್ತದೆ.
- ಹೆಚ್ಚಿನ ಸಲ ಕಾರಣ ಸಣ್ಣದು: ಒಣಗಿದ ಅಥವಾ ಸಡಿಲವಾದ ಆಕ್ಸಲ್, ಕ್ಯಾಸೆಟ್, ಇಲ್ಲವೇ ಒಂದಕ್ಕೊಂದು ಉಜ್ಜುವ ಕಡ್ಡಿಗಳು.
- ಕೆಲವೊಮ್ಮೆ ಅದೇ ಸದ್ದು ಮುರಿದ ಕಡ್ಡಿ ಅಥವಾ ಬಿರುಕು ಬಿಟ್ಟ ರಿಮ್‌ನ ಮುನ್ಸೂಚನೆ. ಆಗ ಸವಾರಿ ನಿಲ್ಲಿಸಲೇಬೇಕು.
- ಕಂಡಲ್ಲೆಲ್ಲ ಎಣ್ಣೆ ಸ್ಪ್ರೇ ಮಾಡುವುದು ಪರಿಹಾರವಲ್ಲ. ಆ ಎಣ್ಣೆ ಬ್ರೇಕಿಗೆ ತಗುಲಿದರೆ ಪ್ರಾಣಕ್ಕೇ ಅಪಾಯ.

ಸೈಕಲ್ ಸವಾರರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಇಂಥದ್ದೊಂದು ವಿಡಿಯೊ ಬರುತ್ತದೆ. ಏರು ಹತ್ತುವಾಗ ಹಿಂದಿನಿಂದ ಕಿರ್... ಕಿರ್... ಎಂಬ ಸದ್ದು. ಜೊತೆಗೆ ‘ಇದೇನ್ರೀ ಸದ್ದು, ಯಾರಿಗಾದ್ರೂ ಗೊತ್ತಾ?’ ಎಂಬ ಪ್ರಶ್ನೆ. ಐದೇ ನಿಮಿಷದಲ್ಲಿ ಹತ್ತು ಉತ್ತರ. ಒಬ್ಬರು ಚೈನಿಗೆ ಎಣ್ಣೆ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಡಬ್ಲ್ಯೂಡಿ-40 ಹೊಡೀರಿ ಅನ್ನುತ್ತಾರೆ. ಮತ್ತೊಬ್ಬರು ‘ಎಲ್ಲಾ ಬೋಲ್ಟ್ ಬಿಗಿ ಮಾಡಿ, ಸುಮ್ಮನಾಗುತ್ತೆ’ ಅನ್ನುತ್ತಾರೆ. ಕೊನೆಗೊಬ್ಬರು ‘ಸದ್ದು ತಾನೇ, ಓಡಿಸ್ತಾ ಇರಿ’ ಎಂದು ಮುಗಿಸುತ್ತಾರೆ.

ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು? ಸದ್ದಿನ ಮೂಲವನ್ನು ಮನೆಯಲ್ಲೇ ಪತ್ತೆ ಹಚ್ಚುವುದು ಹೇಗೆ? ಯಾವಾಗ ಅಂಗಡಿಗೆ ಒಯ್ಯಬೇಕು? ಒಂದೊಂದಾಗಿ ನೋಡೋಣ. ನಾವು ಇಲ್ಲಿ ಮಾತನಾಡುತ್ತಿರುವುದು ಮುಖ್ಯವಾಗಿ ತೆಳು ಟೈರಿನ, ಬಾಗಿದ ಹ್ಯಾಂಡಲ್‌ನ ರೋಡ್ ಸೈಕಲ್ ಬಗ್ಗೆ. ಆದರೆ ಬಹುಪಾಲು ವಿಷಯ ಎಲ್ಲ ಗೇರ್ ಸೈಕಲ್‌ಗಳಿಗೂ ಅನ್ವಯಿಸುತ್ತದೆ.

ಮೊದಲಿಗೆ, ಸದ್ದು ಬರುವುದಾದರೂ ಏಕೆ?

ಒಂದಕ್ಕೊಂದು ಒತ್ತಿಕೊಂಡಿರುವ ಎರಡು ಮೇಲ್ಮೈಗಳನ್ನು ಊಹಿಸಿಕೊಳ್ಳಿ. ಅವನ್ನು ಸರಿಸಲು ಬಲ ಹಾಕಿದರೆ ತಕ್ಷಣ ಸರಿಯುವುದಿಲ್ಲ, ಘರ್ಷಣೆ ಹಿಡಿದಿಡುತ್ತದೆ. ಬಲ ಹೆಚ್ಚುತ್ತಾ ಹೋದಂತೆ ಒಂದು ಹಂತದಲ್ಲಿ ಹಿಡಿತ ತಪ್ಪಿ ಸರಕ್ಕನೆ ಜಾರುತ್ತವೆ. ಜಾರಿದ ಕೂಡಲೇ ಬಲ ಇಳಿದು ಮತ್ತೆ ಹಿಡಿದುಕೊಳ್ಳುತ್ತವೆ. ಹೀಗೆ ಹಿಡಿಯುವುದು, ಜಾರುವುದು, ಮತ್ತೆ ಹಿಡಿಯುವುದು ನಡೆದಾಗ ಲೋಹ ಕಂಪಿಸುತ್ತದೆ. ಆ ಕಂಪನವೇ ನಮ್ಮ ಕಿವಿಗೆ ‘ಕಿರ್’. ಹಳೆಯ ಬಾಗಿಲಿನ ಕೀಲು ಕಿರುಗುಟ್ಟುವುದೂ ಹೀಗೆಯೇ, ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದಾಗ ನಾದ ಹುಟ್ಟುವುದೂ ಹೀಗೆಯೇ.

ಸೈಕಲ್‌ನಲ್ಲಿ ಈ ಸರಿತ ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ. ಆದರೆ ಅದರ ಹಿಂದಿನ ಬಲ ದೊಡ್ಡದು. ಒಂದು ಲೆಕ್ಕ ನೋಡಿ. 70 ಕಿಲೋ ತೂಕದ ಸವಾರರು ಏರಿನಲ್ಲಿ ಎದ್ದು ನಿಂತು ಒಂದೇ ಪೆಡಲ್ ಮೇಲೆ ಪೂರ್ತಿ ಭಾರ ಹಾಕುತ್ತಾರೆ ಎಂದುಕೊಳ್ಳಿ. ಕ್ರ್ಯಾಂಕಿನ ಉದ್ದ 170 ಮಿಲಿಮೀಟರ್. ಮುಂದಿನ 34 ಹಲ್ಲಿನ ಚಕ್ರದ ತ್ರಿಜ್ಯ ಸುಮಾರು 69 ಮಿಲಿಮೀಟರ್. ಸನ್ನೆಕೋಲಿನ ನಿಯಮದ ಪ್ರಕಾರ ಚೈನಿನ ಮೇಲೆ ಬೀಳುವ ಎಳೆತ ಇವರ ತೂಕದ ಸುಮಾರು ಎರಡೂವರೆ ಪಟ್ಟು. ಅಂದರೆ ಚೈನಿಗೆ 170 ಕಿಲೋಗೂ ಹೆಚ್ಚು ತೂಕ ನೇತುಹಾಕಿದಷ್ಟು!

ಈ ಎಳೆತವೆಲ್ಲ ಹೋಗಿ ಬೀಳುವುದು ಹಿಂದಿನ ಚಕ್ರದ ಬಲಬದಿಗೆ, ಅದೂ ಪ್ರತಿ ತುಳಿತಕ್ಕೊಮ್ಮೆ. ಅದಕ್ಕೇ ಆಕ್ಸಲ್‌ನ ತುದಿ, ಕ್ಯಾಸೆಟ್ ಮತ್ತು ಕಡ್ಡಿಗಳು ಕೂದಲೆಳೆಯಷ್ಟು ಅಲುಗಿ ಸದ್ದು ಮಾಡುತ್ತವೆ. ಸ್ಟ್ಯಾಂಡ್ ಹಾಕಿ ಕೈಯಲ್ಲಿ ಪೆಡಲ್ ತಿರುಗಿಸಿದಾಗ ಇಷ್ಟು ಬಲ ಬೀಳುವುದಿಲ್ಲ. ಹಾಗಾಗಿ ರಸ್ತೆಯಲ್ಲಿ ಕಿರುಗುಟ್ಟುವ ಸೈಕಲ್ ಅಂಗಡಿಯಲ್ಲಿ ಮೌನವಾಗಿರುತ್ತದೆ. ‘ಏನೂ ಸದ್ದಿಲ್ಲವಲ್ಲ ಸಾರ್’ ಎಂದು ಮೆಕ್ಯಾನಿಕ್ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ.

ಸದ್ದು ನಿಜಕ್ಕೂ ಹಿಂದಿನ ಚಕ್ರದ್ದೇ?

ಸೈಕಲ್‌ನ ಚೌಕಟ್ಟು ಟೊಳ್ಳು ಕೊಳವೆಗಳಿಂದ ಮಾಡಿದ್ದು. ಒಂದು ಕಡೆ ಹುಟ್ಟಿದ ಕಂಪನ ಕೊಳವೆಯಲ್ಲಿ ಹರಿದು ಇನ್ನೊಂದು ಕಡೆ ಕೇಳಿಸುತ್ತದೆ. ಸೀಟಿನ ಕೆಳಗಿನ ಕಂಬವಾಗಲಿ, ಪೆಡಲ್ ಆಗಲಿ, ಕ್ರ್ಯಾಂಕಿನ ಬೇರಿಂಗ್ ಆಗಲಿ ‘ನಾನು ಹಿಂದಿನ ಚಕ್ರ’ ಎಂದು ವೇಷ ಹಾಕುವುದು ತೀರಾ ಸಾಮಾನ್ಯ. ಆದ್ದರಿಂದ ಬಿಚ್ಚುವ ಮುನ್ನ ಐದು ಪರೀಕ್ಷೆ ಮಾಡಿ. ವಾಹನ ಸಂಚಾರವಿಲ್ಲದ ರಸ್ತೆಯೇ ಇರಲಿ.

*1. ತುಳಿಯುವುದನ್ನು ನಿಲ್ಲಿಸಿ.* ಪೆಡಲ್ ನಿಲ್ಲಿಸಿ ಸೈಕಲ್ ತಾನಾಗಿ ಉರುಳಲು ಬಿಡಿ. ಆಗಲೂ ಸದ್ದು ಬಂದರೆ ಅದು ಚಕ್ರದ ಜೊತೆ ತಿರುಗುವ ಭಾಗದ್ದು: ಕಡ್ಡಿ, ರಿಮ್, ವಾಲ್ವ್, ಬ್ರೇಕ್ ಡಿಸ್ಕ್ ಅಥವಾ ಹಬ್‌ನ ಬೇರಿಂಗ್. ಸದ್ದು ನಿಂತರೆ ತುಳಿತದ ಬಲ ಬೀಳುವ ಭಾಗವನ್ನು ಹುಡುಕಿ. ಗಮನಿಸಿ, ತುಳಿಯದೆ ಹೋಗುವಾಗ ಹಿಂದಿನ ಹಬ್‌ನಿಂದ ಬರುವ ‘ಟಿಕ್ ಟಿಕ್ ಟಿಕ್’ ದೋಷವಲ್ಲ. ಅದು ಒಳಗಿನ ಸಣ್ಣ ನಾಲಿಗೆಗಳು ಹಲ್ಲುಗಳ ಮೇಲೆ ಜಾರುವ ಸದ್ದು.

*2. ಎದ್ದು ನಿಂತು ತುಳಿಯಿರಿ.* ಸೀಟಿನಿಂದ ಎದ್ದ ಕೂಡಲೇ ಸದ್ದು ಮಾಯವಾದರೆ ಅನುಮಾನ ಸೀಟು ಅಥವಾ ಸೀಟ್ ಕಂಬದ ಮೇಲೆ. ಎದ್ದಾಗ ಹೆಚ್ಚಾದರೆ ಹಿಂದಿನ ಚಕ್ರ, ಕ್ರ್ಯಾಂಕ್, ಪೆಡಲ್ ಅಥವಾ ಹ್ಯಾಂಡಲ್.

*3. ಸದ್ದಿನ ತಾಳ ಎಣಿಸಿ.* ಇಲ್ಲಿ ನಿಮ್ಮ ಫೋನ್ ಕೆಲಸಕ್ಕೆ ಬರುತ್ತದೆ. ಫೋನಿನ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಜೇಬಿಗೆ ಹಾಕಿ, ಒಂದೇ ವೇಗದಲ್ಲಿ ಒಂದು ನಿಮಿಷ ತುಳಿಯಿರಿ. ಮನೆಗೆ ಬಂದು ಕೇಳಿ. ಮುಂದೆ 34 ಹಲ್ಲು, ಹಿಂದೆ 17 ಹಲ್ಲಿನ ಗೇರಿನಲ್ಲಿದ್ದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಚಕ್ರ ಎರಡು ಸುತ್ತು ಬರುತ್ತದೆ. ಅಂದರೆ ನಿಮಿಷಕ್ಕೆ 60 ಸುತ್ತು ತುಳಿದಾಗ ಸದ್ದು 120 ಸಲ ಬಂದರೆ, ಅದು ಚಕ್ರದ ತಾಳವೂ ಆಗಬಹುದು, ಎಡಗಾಲು ಬಲಗಾಲು ಎರಡರ ತುಳಿತದ ತಾಳವೂ ಆಗಬಹುದು. ಬೇರ್ಪಡಿಸುವುದು ಸುಲಭ: ಹಿಂದಿನ ಗೇರ್ ಬದಲಿಸಿ ಅದೇ ಲಯದಲ್ಲಿ ತುಳಿಯಿರಿ. ಸದ್ದಿನ ಲಯ ಬದಲಾದರೆ ಚಕ್ರ, ಬದಲಾಗದಿದ್ದರೆ ತುಳಿತ. ಎರಡು ಮೂರು ಸುತ್ತು ತುಳಿತಕ್ಕೊಮ್ಮೆ ಮಾತ್ರ ‘ಟಕ್’ ಅಂದರೆ ಚೈನಿನ ಒಂದು ಕೊಂಡಿ ಬಿಗಿದಿರಬಹುದು. ಏಕೆಂದರೆ ಸುಮಾರು 110 ಕೊಂಡಿಗಳ ಚೈನ್ ಪೂರ್ತಿ ಒಂದು ಸುತ್ತು ಬರಲು ಅಷ್ಟು ತುಳಿತ ಬೇಕು.

*4. ನಿಂತಲ್ಲೇ ಒತ್ತಿ ನೋಡಿ.* ಸೈಕಲ್ ಪಕ್ಕದಲ್ಲಿ ನಿಂತು, ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು, ಪೆಡಲನ್ನು ಮುಂದಕ್ಕೆ ಅಡ್ಡಲಾಗಿಟ್ಟು ಕಾಲಿನಿಂದ ಒತ್ತಿ ಬಿಡಿ. ಗೆಳೆಯರೊಬ್ಬರು ಆಕ್ಸಲ್‌ನ ತುದಿ, ಸೀಟ್ ಕಂಬ, ಕ್ರ್ಯಾಂಕ್ ಬಳಿ ಬೆರಳಿಟ್ಟು ನೋಡಲಿ. ಎಲ್ಲಿ ಬೆರಳಿಗೆ ‘ಟಕ್’ ಎಂದು ತಾಗುತ್ತದೋ ಮೂಲ ಅದರ ಹತ್ತಿರವೇ ಇರುತ್ತದೆ.

*5. ಚಕ್ರ ಅದಲುಬದಲು.* ಎಲ್ಲಕ್ಕಿಂತ ನಂಬಿಕಸ್ಥ ಪರೀಕ್ಷೆ ಇದು. ನಿಮ್ಮ ಸೈಕಲ್‌ಗೆ ಹೊಂದುವ ಚಕ್ರವಿರುವ ಗೆಳೆಯರಿಂದ ಹತ್ತು ನಿಮಿಷ ಹಿಂದಿನ ಚಕ್ರ ಎರವಲು ಪಡೆಯಿರಿ. ಸದ್ದು ಹೋದರೆ ಮೂಲ ನಿಮ್ಮ ಚಕ್ರದಲ್ಲಿದೆ, ಉಳಿದರೆ ಫ್ರೇಮ್ ಕಡೆ ನೋಡಿ. ಒಂದು ಎಚ್ಚರ: ಚಕ್ರ ಬಿಚ್ಚಿ ಹಾಕುವಾಗಲೇ ಆಕ್ಸಲ್ ಹೊಸದಾಗಿ ಬಿಗಿಯಾಗುವುದರಿಂದಲೂ ಸದ್ದು ಹೋಗಿರಬಹುದು. ನಿಮ್ಮದೇ ಚಕ್ರವನ್ನು ಮರಳಿ ಹಾಕಿ ಓಡಿಸಿದ ಮೇಲಷ್ಟೇ ತೀರ್ಮಾನಕ್ಕೆ ಬನ್ನಿ.

ಹಿಂದಿನ ಚಕ್ರವೇ ಎಂದು ಖಚಿತವಾಯಿತು. ಈಗ?

ಸುಲಭದ, ಖರ್ಚಿಲ್ಲದ ಕೆಲಸದಿಂದ ಶುರು ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಹಾಕಿದರೆ ಸದ್ದು ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ.

ಮೊದಲ ಶಂಕಿತ: ಆಕ್ಸಲ್

ರಿಮ್ ಬ್ರೇಕಿನ ರೋಡ್ ಸೈಕಲ್‌ಗಳಲ್ಲಿ ಹಿಂದಿನ ಚಕ್ರವನ್ನು ಸಾಮಾನ್ಯವಾಗಿ ಕ್ವಿಕ್ ರಿಲೀಸ್ ಎಂಬ ಲಿವರ್ ಹಿಡಿದಿಟ್ಟಿರುತ್ತದೆ. ಅದು ಸಡಿಲವಾಗಿದ್ದರೆ ಅಥವಾ ಒಣಗಿದ್ದರೆ ಪ್ರತಿ ತುಳಿತಕ್ಕೂ ಆಕ್ಸಲ್ ತುದಿ ಫ್ರೇಮಿನ ಮೇಲೆ ಉಜ್ಜುತ್ತದೆ. ಮಳೆಯಲ್ಲಿ ಓಡಿಸಿದ ಮೇಲೆ ಈ ತೊಂದರೆ ಹೆಚ್ಚು. ನೀರು ಗ್ರೀಸನ್ನು ತೊಳೆದು ಆ ಜಾಗಕ್ಕೆ ಸಣ್ಣ ಮಣ್ಣು ತುಂಬುತ್ತದೆ.

ಪರಿಹಾರ: ಚಕ್ರ ಬಿಚ್ಚಿ. ಆಕ್ಸಲ್ ಕೂರುವ ಫ್ರೇಮಿನ ಸೀಳನ್ನೂ ಹಬ್‌ನ ತುದಿಗಳನ್ನೂ ಬಟ್ಟೆಯಿಂದ ಒರೆಸಿ. ಕ್ವಿಕ್ ರಿಲೀಸ್ ಕಡ್ಡಿ ಮತ್ತು ಅದರ ಮರೆಗೆ ತೆಳ್ಳಗೆ ಗ್ರೀಸ್ ಸವರಿ. ಲಿವರ್ ತಿರುಗುವ ಕೀಲಿಗೆ ಒಂದು ಹನಿ ಎಣ್ಣೆ ಬಿಡಿ. ಈಗ ಸೈಕಲನ್ನು ನೆಲದ ಮೇಲೆ ನಿಲ್ಲಿಸಿ, ಚಕ್ರ ಸೀಳಿನಲ್ಲಿ ಪೂರ್ತಿ ಕೂತಿದೆಯೇ ನೋಡಿ ಲಿವರ್ ಮುಚ್ಚಿ. ಲಿವರ್ ಅರ್ಧ ಮುಚ್ಚಿ ನೇರ ಹೊರಕ್ಕೆ ಚಾಚಿದಾಗ ಬಿಗಿ ಶುರುವಾಗಬೇಕು. ಪೂರ್ತಿ ಮುಚ್ಚಿದಾಗ ಅಂಗೈ ಮೇಲೆ ಲಿವರ್‌ನ ಗುರುತು ಮೂಡಬೇಕು. ಲಿವರನ್ನು ನಟ್ಟಿನಂತೆ ಸುತ್ತಿ ಸುತ್ತಿ ಬಿಗಿ ಮಾಡುವವರಿದ್ದಾರೆ. ಅದು ತಪ್ಪು. ಅದನ್ನು ಮಡಚಿಯೇ ಮುಚ್ಚಬೇಕು, ಇಲ್ಲದಿದ್ದರೆ ಚಕ್ರ ಓಡುವಾಗಲೇ ಕಳಚಬಹುದು.

ಡಿಸ್ಕ್ ಬ್ರೇಕಿನ ಹೊಸ ಸೈಕಲ್‌ಗಳಲ್ಲಿ ಥ್ರೂ ಆಕ್ಸಲ್ ಇರುತ್ತದೆ. ಅದು ಹಬ್‌ನೊಳಗೆ ತೂರಿ ಇನ್ನೊಂದು ಬದಿಯ ಫ್ರೇಮಿಗೆ ತಿರುಪಿಕೊಳ್ಳುವ ದಪ್ಪ ಸಲಾಕೆ. ಇದಕ್ಕೂ ಅದೇ ಉಪಚಾರ: ಒರೆಸಿ, ಗ್ರೀಸ್ ಸವರಿ, ಬಿಗಿ ಮಾಡಿ. ಎಷ್ಟು ಬಿಗಿ ಎಂಬುದನ್ನು ಸಾಮಾನ್ಯವಾಗಿ ಆಕ್ಸಲ್ ಮೇಲೆಯೇ ಬರೆದಿರುತ್ತಾರೆ, ಬಹುತೇಕ 10ರಿಂದ 15 ನ್ಯೂಟನ್ ಮೀಟರ್. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಹೊರಗಿರುವಾಗ ಬ್ರೇಕ್ ಲಿವರ್ ಒತ್ತಬೇಡಿ. ಒತ್ತಿದರೆ ಪ್ಯಾಡ್‌ಗಳು ಒಂದಕ್ಕೊಂದು ಹತ್ತಿರವಾಗಿ ಡಿಸ್ಕ್ ಒಳಗೆ ಹೋಗುವುದಿಲ್ಲ.

ಎರಡನೆಯದು: ಕ್ಯಾಸೆಟ್

ಹಿಂದಿನ ಹಲ್ಲುಚಕ್ರಗಳ ಗೊಂಚಲೇ ಕ್ಯಾಸೆಟ್. ಇದು ಹಬ್‌ನ ಮೇಲಿನ ಗಾಡಿಗಳಲ್ಲಿ ಜಾರಿ ಕೂರುತ್ತದೆ, ಹೊರಗಿನಿಂದ ಒಂದು ಲಾಕ್‌ರಿಂಗ್ ಹಿಡಿದಿಡುತ್ತದೆ. ಆ ರಿಂಗ್ ಸಡಿಲವಾದರೆ ಹಲ್ಲುಚಕ್ರಗಳು ಒಂದರ ಮೇಲೊಂದು ಉಜ್ಜುತ್ತವೆ. ದೊಡ್ಡ ಹಲ್ಲುಚಕ್ರದಲ್ಲಿ, ಅಂದರೆ ಏರಿನ ಗೇರಿನಲ್ಲಿ ಮಾತ್ರ ಸದ್ದು ಬಂದು, ಸಣ್ಣದಕ್ಕೆ ಬಂದಾಗ ನಿಂತರೆ ಕ್ಯಾಸೆಟ್ ಮೇಲೆ ಅನುಮಾನ ಪಡಿ. ಚಕ್ರ ಬಿಚ್ಚಿ ಹಲ್ಲುಚಕ್ರಗಳನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಕಟಕಟ ಅಂದರೆ ಉತ್ತರ ಸಿಕ್ಕಂತೆ.

ಇದನ್ನು ಬಿಚ್ಚಲು ಚೈನ್ ವಿಪ್ ಮತ್ತು ಲಾಕ್‌ರಿಂಗ್ ಟೂಲ್ ಬೇಕು. ಗೇರ್ ಸೈಕಲ್ ರಿಪೇರಿ ಮಾಡುವ ಅಂಗಡಿಗಳಲ್ಲಿ ಇವು ಇರುತ್ತವೆ. ಬಿಚ್ಚಿ, ಒರೆಸಿ, ಗಾಡಿಗಳಿಗೂ ಲಾಕ್‌ರಿಂಗಿನ ಮರೆಗೂ ತೆಳ್ಳಗೆ ಗ್ರೀಸ್ ಸವರಿ ಮತ್ತೆ ಬಿಗಿ ಮಾಡಬೇಕು. ಶಿಮಾನೊ ಲಾಕ್‌ರಿಂಗ್‌ಗಳ ಮೇಲೆ 40 ನ್ಯೂಟನ್ ಮೀಟರ್ ಎಂದೇ ಅಚ್ಚಾಗಿರುತ್ತದೆ. 40 ಸೆಂಟಿಮೀಟರ್ ಉದ್ದದ ಹಿಡಿಕೆಯ ತುದಿಯಲ್ಲಿ 10 ಕಿಲೋ ತೂಕ ಹಾಕಿದಷ್ಟು ಬಲ ಅದು. ಅನೇಕರು ಊಹಿಸುವುದಕ್ಕಿಂತ ಇದು ಜಾಸ್ತಿಯೇ. ಬಿಗಿ ಮಾಡುವಾಗ ಕೊನೆಯಲ್ಲಿ ‘ಕಟ ಕಟ’ ಅಂದರೆ ಗಾಬರಿ ಬೇಡ, ರಿಂಗಿನ ಒಳಬದಿಯ ಗೀರುಗಳು ಕಚ್ಚಿಕೊಳ್ಳುವ ಸದ್ದು ಅದು.

ಕ್ಯಾಸೆಟ್ ಪಕ್ಕದಲ್ಲೇ ಇನ್ನೊಂದು ಕಿಡಿಗೇಡಿ ಇದೆ. ಗೇರ್ ಬದಲಿಸುವ ಡಿರೇಲರ್ ನೇತಾಡುವ ಸಣ್ಣ ಲೋಹದ ತುಂಡು, ಅಂದರೆ ಹ್ಯಾಂಗರ್. ಅದನ್ನು ಫ್ರೇಮಿಗೆ ಹಿಡಿದಿರುವ ಪುಟ್ಟ ಸ್ಕ್ರೂ ಸಡಿಲವಾದರೆ ಆಕ್ಸಲ್ ಬಳಿಯೇ ಕಿರುಗುಟ್ಟುತ್ತದೆ. ಚಕ್ರ ಹೊರಗಿರುವಾಗಲೇ ಅಲೆನ್ ಕೀಯಿಂದ ಅದನ್ನೂ ಪರೀಕ್ಷಿಸಿ.

ಮೂರನೆಯದು: ಕಡ್ಡಿಗಳು

ಇಲ್ಲಿ ಸ್ವಲ್ಪ ನಿಲ್ಲೋಣ. ಏಕೆಂದರೆ ಸಣ್ಣ ಸದ್ದು ದೊಡ್ಡ ಅನಾಹುತದ ಮುನ್ಸೂಚನೆ ಆಗುವುದು ಹೆಚ್ಚಾಗಿ ಇಲ್ಲೇ.

ಚಕ್ರದ ಕಡ್ಡಿಗಳು ಬಂಡಿಗಾಲಿಯ ಮರದ ಅರಗಳಂತೆ ಭಾರ ಹೊರುವ ಕಂಬಗಳಲ್ಲ. ಅವು ಬಿಗಿದ ತಂತಿಗಳು. ನೀವು ಸೈಕಲ್ ಮೇಲೆ ಕೂತಾಗ ನೆಲಕ್ಕೆ ತಾಗಿದ ಜಾಗದಲ್ಲಿ ರಿಮ್ ತುಸು ಒಳಕ್ಕೆ ಒತ್ತುತ್ತದೆ, ಅಲ್ಲಿನ ಕಡ್ಡಿಗಳ ಬಿಗಿ ಕಡಿಮೆಯಾಗುತ್ತದೆ. ಉಳಿದ ಕಡ್ಡಿಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರ್ಯಾಂಟ್ 1981ರಲ್ಲಿ ಪ್ರಕಟಿಸಿದ ‘ದಿ ಬೈಸಿಕಲ್ ವೀಲ್’ ಪುಸ್ತಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು.

ಅಂದರೆ ಚಕ್ರ ಒಂದು ಸುತ್ತು ಬಂದಾಗ ಪ್ರತಿ ಕಡ್ಡಿಯೂ ಒಮ್ಮೆ ಸಡಿಲವಾಗಿ ಮತ್ತೆ ಬಿಗಿಯಾಗುತ್ತದೆ. ರೋಡ್ ಸೈಕಲ್ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಒಂದು ಕಿಲೋಮೀಟರಿಗೆ ಸುಮಾರು 475 ಸುತ್ತು. ಸಾವಿರ ಕಿಲೋಮೀಟರಿಗೆ ನಾಲ್ಕೂಮುಕ್ಕಾಲು ಲಕ್ಷ ಸಲ! ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುವಂತೆ, ಕಡ್ಡಿಯೂ ದಣಿಯುತ್ತದೆ. ಸಾಮಾನ್ಯವಾಗಿ ಅದು ಮುರಿಯುವುದು ಹಬ್ ಬಳಿ ಬಾಗಿರುವ ಮೊಣಕೈಯಲ್ಲಿ. ಬಿಗಿ ಕಡಿಮೆ ಇರುವ ಕಡ್ಡಿ ಹೆಚ್ಚು ಅಲ್ಲಾಡುವುದರಿಂದ ಬೇಗ ದಣಿಯುತ್ತದೆ. ಸಡಿಲ ಕಡ್ಡಿಯ ಸದ್ದನ್ನು ಕಡೆಗಣಿಸಬಾರದು ಎನ್ನುವುದು ಇದಕ್ಕೇ.

ಹಿಂದಿನ ಚಕ್ರಕ್ಕೆ ಇನ್ನೊಂದು ಕಷ್ಟವಿದೆ. ಬಲಬದಿಯಲ್ಲಿ ಕ್ಯಾಸೆಟ್‌ಗೆ ಜಾಗ ಬಿಡಬೇಕಾದ್ದರಿಂದ ಅಲ್ಲಿನ ಕಡ್ಡಿಗಳು ಹೆಚ್ಚು ನೇರವಾಗಿ, ಹೆಚ್ಚು ಬಿಗಿಯಾಗಿ ನಿಲ್ಲುತ್ತವೆ. ಎಡಬದಿಯವು ಓರೆಯಾಗಿ, ಗಣನೀಯವಾಗಿ ಕಡಿಮೆ ಬಿಗಿಯಲ್ಲಿರುತ್ತವೆ. ಹಾಗಾಗಿ ಎಡ ಬಲದ ಕಡ್ಡಿಗಳನ್ನು ಹೋಲಿಸಬೇಡಿ, ಒಂದೇ ಬದಿಯವನ್ನು ಹೋಲಿಸಿ.

ಪರೀಕ್ಷೆ ಹೀಗೆ: ಹೆಚ್ಚುಕಡಿಮೆ ಸಮಾಂತರವಾಗಿರುವ ಎರಡೆರಡು ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಒತ್ತುತ್ತಾ ಪೂರ್ತಿ ಒಂದು ಸುತ್ತು ಬನ್ನಿ. ಎಲ್ಲಾದರೂ ‘ಕಿರ್’ ಅಂದರೆ ಆ ಜಾಗ ಗುರುತಿಸಿ. ಬಳಿಕ ಒಂದೇ ಬದಿಯ ಕಡ್ಡಿಗಳನ್ನು ಬೆರಳಿನಿಂದ ಮೀಟಿ. ತಂಬೂರಿ ತಂತಿಯಂತೆಯೇ ಬಿಗಿ ಹೆಚ್ಚಿದ್ದರೆ ಸ್ವರ ಏರುತ್ತದೆ, ಕಡಿಮೆಯಿದ್ದರೆ ಇಳಿಯುತ್ತದೆ. ಉಳಿದವೆಲ್ಲ ‘ಟಿಂಗ್’ ಎಂದು ಒಂದು ಮಾತ್ರ ‘ಟಪ್’ ಅಂದರೆ ಅದು ಸಡಿಲ ಅಥವಾ ಮುರಿದಿದೆ.

ಬಿಗಿ ಸರಿಯಿದ್ದೂ ಸದ್ದು ಬರುತ್ತಿದ್ದರೆ, ಎರಡು ಕಡ್ಡಿಗಳು ದಾಟುವ ಜಾಗದಲ್ಲಿ ಉಜ್ಜುತ್ತಿರಬಹುದು. ಆ ಕೂಡುವಲ್ಲಿ ಮತ್ತು ಕಡ್ಡಿ ರಿಮ್‌ಗೆ ಸೇರುವ ನಿಪ್ಪಲ್ ಬಳಿ ಒಂದೊಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ. ರಿಮ್ ಬ್ರೇಕ್ ಇದ್ದರೆ ಬ್ರೇಕ್ ತಾಗುವ ಅಂಚನ್ನು ಆಮೇಲೆ ಸ್ಪಿರಿಟ್ ಹಾಕಿದ ಶುದ್ಧ ಬಟ್ಟೆಯಿಂದ ಒರೆಸಲು ಮರೆಯಬೇಡಿ. ಡಿಸ್ಕ್ ಇದ್ದರೆ ಮೊದಲೇ ಅದಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚಿ.

ಕಡ್ಡಿ ಸಡಿಲವಿದ್ದರೆ ನೀವೇ ತಿರುಗಿಸುತ್ತಾ ಕೂರಬೇಡಿ. ಒಂದನ್ನು ಬಿಗಿ ಮಾಡಿದರೆ ರಿಮ್ ಆ ಕಡೆ ವಾಲುತ್ತದೆ. ಬೆಂಡ್ ತೆಗೆಯುವುದು ಅನುಭವದ ಕೆಲಸ, ಅದನ್ನು ಬಲ್ಲವರಿಗೆ ಕೊಡಿ. ಹೊಚ್ಚ ಹೊಸ ಚಕ್ರ ಮೊದಲ ಸವಾರಿಯಲ್ಲಿ ಕೆಲವು ಸಲ ‘ಪಿಂಗ್ ಪಿಂಗ್’ ಅಂದು ಸುಮ್ಮನಾದರೆ ಅದು ತಿರುಚಿಕೊಂಡ ಕಡ್ಡಿಗಳು ಸಡಿಲಗೊಳ್ಳುವ ಸದ್ದು. ಸುಮ್ಮನಾಗದಿದ್ದರೆ ಮಾತ್ರ ತೋರಿಸಿ.

ಉಳಿದವರು

*ಹಬ್ ಬೇರಿಂಗ್:* ಇದು ಕಿರುಗುಡುವುದಕ್ಕಿಂತ ಹೆಚ್ಚಾಗಿ ಗರಗರ ಅನ್ನುತ್ತದೆ. ರಿಮ್ ಹಿಡಿದು ಎಡಕ್ಕೂ ಬಲಕ್ಕೂ ತಳ್ಳಿ. ಆಕ್ಸಲ್ ಬಿಗಿಯಾಗಿದ್ದೂ ಚಕ್ರ ಕಡಕಡ ಅಲ್ಲಾಡಿದರೆ ಬೇರಿಂಗ್ ಸಡಿಲ ಅಥವಾ ಸವೆದಿದೆ.

*ವಾಲ್ವ್:* ಚಕ್ರದ ಸುತ್ತಿಗೊಮ್ಮೆ ‘ಟಿಕ್’ ಅಂದರೆ ಗಾಳಿ ಹಾಕುವ ವಾಲ್ವ್ ರಿಮ್‌ನ ತೂತಿಗೆ ಬಡಿಯುತ್ತಿರಬಹುದು. ವಾಲ್ವ್‌ಗೆ ಒಂದು ಸುತ್ತು ಟೇಪ್ ಸುತ್ತಿದರೆ ಮುಗಿಯಿತು.

*ಬ್ರೇಕ್ ಡಿಸ್ಕ್:* ಇದನ್ನು ಹಬ್‌ಗೆ ಹಿಡಿದಿರುವ ರಿಂಗ್ ಅಥವಾ ಬೋಲ್ಟ್‌ಗಳು ಸಡಿಲವಾದರೆ ಬ್ರೇಕ್ ಹಿಡಿದಾಗ ‘ಕಟಕ್’ ಅನ್ನುತ್ತದೆ. ಬಿಗಿ ಮಾಡಿಸದೆ ಓಡಿಸಬೇಡಿ. ತಿರುಗುವ ಡಿಸ್ಕ್ ಬಳಿ ಬೆರಳು ಒಯ್ಯಬೇಡಿ. ಇಳಿಜಾರು ಇಳಿದ ಕೂಡಲೇ ಮುಟ್ಟಿದರೆ ಕೈ ಸುಡುತ್ತದೆ.

ಹರಿದಾಡುವ ಸಲಹೆಗಳು: ಎಷ್ಟು ನಿಜ?

ಹೇಳಿಕೆ: ಚೈನಿಗೆ ಎಣ್ಣೆ ಹಾಕಿದರೆ ಸಾಕು.
ಸತ್ಯ: ಒಣಗಿದ ಚೈನ್ ಬಿಡದೆ ಕೀಚಲು ಸದ್ದು ಮಾಡುತ್ತದೆ. ಆ ಸದ್ದಾಗಿದ್ದರೆ ಸಲಹೆ ಸರಿ. ತುಳಿತಕ್ಕೊಮ್ಮೆ ಬರುವ ‘ಕಿರ್’ ಚೈನಿನ ಎಣ್ಣೆಯಿಂದ ಹೋಗುವುದು ಅಪರೂಪ.

ಹೇಳಿಕೆ: ಡಬ್ಲ್ಯೂಡಿ-40 ಹೊಡೆದರೆ ಎಲ್ಲ ಸದ್ದೂ ಬಂದ್.
ಸತ್ಯ: ಇದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ರೂಪುಗೊಂಡ ದ್ರಾವಣ. ನೀರನ್ನು ಹೊರದೂಡಿ ತುಕ್ಕು ತಡೆಯುವುದು ಅದರ ಮೂಲ ಉದ್ದೇಶ. ‘ಅಟ್ಲಾಸ್’ ಕ್ಷಿಪಣಿಯ ಹೊರಕವಚಕ್ಕೆ ತುಕ್ಕು ಹಿಡಿಯದಂತೆ ಬಳಸುತ್ತಿದ್ದರು. ಜಾರುವ ಗುಣ ಅದಕ್ಕೆ ಇರುವುದು ನಿಜ, ಆದರೆ ತೆಳು. ಭಾರ ಬೀಳುವ ಕೀಲುಗಳಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಹಬ್ ಮೇಲೆ ಹೊಡೆದರೆ ಬೇರಿಂಗಿನ ಗ್ರೀಸನ್ನೇ ಕರಗಿಸಿ ಹೊರಹಾಕಬಹುದು. ಎಲ್ಲಕ್ಕಿಂತ ಕೆಟ್ಟದ್ದು, ಸ್ಪ್ರೇ ಹಾರಿ ಡಿಸ್ಕ್ ಅಥವಾ ರಿಮ್ ಮೇಲೆ ಕೂರುತ್ತದೆ. ಎಣ್ಣೆ ಹೀರಿದ ಬ್ರೇಕ್ ಪ್ಯಾಡ್ ಹಿಡಿಯುವುದಿಲ್ಲ. ನಂದಿ ಬೆಟ್ಟದ ತಿರುವುಗಳಲ್ಲಿ ಇಳಿಯುವಾಗ ಅದು ಗೊತ್ತಾಗುವುದು ಬೇಡ.

ಹೇಳಿಕೆ: ಮನೆಯಲ್ಲಿರುವ ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆಯೂ ಆದೀತು.
ಸತ್ಯ: ಆಗದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ನ ಬೆಂಗಳೂರಿನಲ್ಲಿ ಬೆಳಗಿನ ಜಾವ ಸವಾರಿ ಹೊರಡುವ ಹೊತ್ತಿಗೆ 15–16 ಡಿಗ್ರಿ ಇರುವುದು ಸಾಮಾನ್ಯ. ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಸೈಕಲ್‌ನಲ್ಲೂ ಗಟ್ಟಿಯಾಗುತ್ತದೆ. ಸೂರ್ಯಕಾಂತಿಯಂಥ ಎಣ್ಣೆಗಳು ಗಾಳಿಗೆ ತೆರೆದುಕೊಂಡು ಕ್ರಮೇಣ ಅಂಟಂಟಾಗಿ ಧೂಳು ಹಿಡಿಯುತ್ತವೆ. ಒಗ್ಗರಣೆ ಸೌಟಿನ ಹಿಡಿಯ ಜಿಡ್ಡು ನೆನಪಿಸಿಕೊಳ್ಳಿ.

ಹೇಳಿಕೆ: ಎಲ್ಲ ಬೋಲ್ಟ್‌ಗಳನ್ನೂ ಗಟ್ಟಿಯಾಗಿ ಬಿಗಿ ಮಾಡಿ.
ಸತ್ಯ: ಸಡಿಲ ಇರುವುದನ್ನು ಬಿಗಿ ಮಾಡಬೇಕು, ಆದರೆ ಅಳತೆಗೆ ತಕ್ಕಂತೆ. ಅತಿಯಾದರೆ ಕಾರ್ಬನ್ ಭಾಗ ಬಿರುಕು ಬಿಡುತ್ತದೆ, ಅಲ್ಯೂಮಿನಿಯಂ ಮರೆ ಹಾಳಾಗುತ್ತದೆ. ಕೆಲವೊಮ್ಮೆ ಬೇಕಿರುವುದು ಬಿಗಿಯಲ್ಲ, ಬಿಚ್ಚಿ ಒರೆಸಿ ಗ್ರೀಸ್ ಸವರುವುದು. ಕಾರ್ಬನ್ ಸೀಟ್ ಕಂಬಕ್ಕೆ ಮಾತ್ರ ಗ್ರೀಸ್ ಬೇಡ, ಅದಕ್ಕೆಂದೇ ಬರುವ ಪೇಸ್ಟ್ ಬಳಸಿ.

ಹೇಳಿಕೆ: ಒಂದು ಕಡ್ಡಿ ಮುರಿದರೆ ಏನೂ ಆಗಲ್ಲ, ಇನ್ನೂ ಬೇಕಾದಷ್ಟಿವೆ.
ಸತ್ಯ: ಇದು ಅಜ್ಜನ ಕಾಲದ ಕಪ್ಪು ಸೈಕಲ್‌ಗೆ ಒಪ್ಪುವ ಮಾತು. ಅದರ ಹಿಂದಿನ ಚಕ್ರದಲ್ಲಿ 40 ಕಡ್ಡಿಗಳು. ಇಂದಿನ ರೋಡ್ ಸೈಕಲ್‌ನ ಹಿಂದಿನ ಚಕ್ರದಲ್ಲಿ ಹೆಚ್ಚಾಗಿ 20ರಿಂದ 28. ಒಂದು ಹೋದರೆ ರಿಮ್ ತಕ್ಷಣ ವಾಲುತ್ತದೆ, ಪಕ್ಕದ ಕಡ್ಡಿಗಳ ಮೇಲೆ ಹೊರೆ ಬೀಳುತ್ತದೆ. ಮೊದಲ ಕಡ್ಡಿಯ ಹಿಂದೆಯೇ ಎರಡನೆಯದೂ ಹೋಗುವುದು ಇದರಿಂದಲೇ.

ಇವುಗಳಲ್ಲಿ ಒಂದು ಕಂಡರೂ ಸವಾರಿ ನಿಲ್ಲಿಸಿ

- ಮುರಿದ ಕಡ್ಡಿ, ಅಥವಾ ಇದ್ದಕ್ಕಿದ್ದಂತೆ ‘ಟಣ್’ ಎಂದು ಸದ್ದಾಗಿ ಚಕ್ರ ಅಡ್ಡಾದಿಡ್ಡಿ ತಿರುಗುವುದು.
- ರಿಮ್‌ನಲ್ಲಿ ಕಡ್ಡಿ ಸೇರುವ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಅಥವಾ ಉಬ್ಬು. ಇದಕ್ಕೆ ರಿಪೇರಿ ಇಲ್ಲ, ರಿಮ್ ಬದಲಿಸಬೇಕು.
- ಫ್ರೇಮಿನಲ್ಲಿ ಆಕ್ಸಲ್ ಕೂರುವ ಜಾಗದ ಹತ್ತಿರ ಬಿರುಕು. ಬಣ್ಣದ ಗೀರೋ ಬಿರುಕೋ ತಿಳಿಯದಿದ್ದರೆ ಫೋನಿನಲ್ಲಿ ಹತ್ತಿರದಿಂದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ, ಬಳಿಕ ಅಂಗಡಿಯಲ್ಲಿ ತೋರಿಸಿ.
- ಬಿಗಿ ಮಾಡಿದರೂ ಮತ್ತೆ ಮತ್ತೆ ಸಡಿಲವಾಗುವ ಆಕ್ಸಲ್.
- ಬ್ರೇಕಿಗೆ ಎಣ್ಣೆ ತಗುಲಿದ ಅನುಮಾನ.

ಅಂಗಡಿಗೆ ಹೋಗುವಾಗ ‘ಸದ್ದು ಬರ್ತಿದೆ, ನೋಡಿ’ ಎಂದಷ್ಟೇ ಹೇಳಬೇಡಿ. ‘ಏರಿನಲ್ಲಿ, ದೊಡ್ಡ ಹಲ್ಲುಚಕ್ರದಲ್ಲಿ ಮಾತ್ರ ಬರುತ್ತೆ, ತುಳಿಯೋದು ಬಿಟ್ಟರೆ ನಿಲ್ಲುತ್ತೆ, ಆಕ್ಸಲ್ ಒರೆಸಿ ಗ್ರೀಸ್ ಹಾಕಿ ಆಗಿದೆ’ ಎಂದು ಹೇಳಿ, ರೆಕಾರ್ಡಿಂಗ್ ಕೇಳಿಸಿ. ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಿರುತ್ತದೆ, ನಿಮ್ಮ ಖರ್ಚೂ ಉಳಿಯುತ್ತದೆ.

ಕೊನೆಯ ಮಾತು

ಸದ್ದು ತಾನಾಗಿ ರೋಗವಲ್ಲ, ರೋಗದ ಲಕ್ಷಣ. ಜ್ವರ ಬಂದಾಗ ಕಾರಣ ಹುಡುಕುವಂತೆ ಇಲ್ಲೂ ಮೊದಲು ಕಾರಣ ಹುಡುಕಬೇಕು. ‘ಏನೂ ಆಗಲ್ಲ’ ಎಂಬುದೂ ತಪ್ಪು, ‘ಚಕ್ರ ಈಗಲೇ ಮುರಿಯುತ್ತೆ’ ಎಂಬ ಭಯವೂ ತಪ್ಪು. ಗುಂಪಿಗೆ ಕಳಿಸುವುದಾದರೆ ಇಷ್ಟನ್ನು ಕಳಿಸಿ:

*ಹಿಂದಿನ ಚಕ್ರ ಕಿರುಗುಟ್ಟಿದರೆ: 1) ತುಳಿಯುವುದು ನಿಲ್ಲಿಸಿ, ಎದ್ದು ನಿಂತು, ಗೇರ್ ಬದಲಿಸಿ ಸದ್ದಿನ ಮೂಲ ಹುಡುಕಿ. 2) ಮೊದಲು ಕಡ್ಡಿ ಮತ್ತು ರಿಮ್ ನೋಡಿ, ಮುರಿದಿದ್ದರೆ ಓಡಿಸಬೇಡಿ. 3) ಆಕ್ಸಲ್ ಬಿಚ್ಚಿ ಒರೆಸಿ, ಗ್ರೀಸ್ ಸವರಿ, ಸರಿಯಾಗಿ ಮುಚ್ಚಿ. 4) ಹೋಗದಿದ್ದರೆ ಕ್ಯಾಸೆಟ್, ಆಮೇಲೆ ಬೇರಿಂಗ್ ತೋರಿಸಿ. 5) ಬ್ರೇಕ್ ಹತ್ತಿರ ಎಣ್ಣೆ ಸ್ಪ್ರೇ ಬೇಡವೇ ಬೇಡ.*